ಅಳತೆ ಸರಿ, ಜಾಗ ಯಾರದ್ದು?

"ಸಾರ್, ಅರವತ್ತು ಬರ್ಬೇಕು." ಗೃಹಸಾಲದ ಫೈಲ್ ನನ್ನ ಟೇಬಲ್ಲಿಗೆ ಬರುವ ಮೊದಲೇ ಏಜೆಂಟರ ಫೋನ್ ಬಂದಿರುತ್ತದೆ. ನನ್ನ ಕೆಲಸ ಬ್ಯಾಂಕ್ ಸಾಲಕ್ಕಾಗಿ ಆಸ್ತಿಗೆ ಬೆಲೆ ಕಟ್ಟುವುದು. ಅರವತ್ತು ಅಂದರೆ ನನ್ನ ವರದಿಯಲ್ಲಿ ಆಸ್ತಿಯ ಬೆಲೆ ಅರವತ್ತು ಲಕ್ಷ. 30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ ಅನ್ನುತ್ತದೆ ರಿಸರ್ವ್ ಬ್ಯಾಂಕ್ ನಿಯಮ. ನಾನು 60 ಬರೆದರೆ 48 ಲಕ್ಷ ಸಿಗುತ್ತದೆ, 52 ಬರೆದರೆ 41 ಲಕ್ಷ 60 ಸಾವಿರ. ಉಳಿದದ್ದಕ್ಕೆ ಮನೆಯಾಕೆಯ ಒಡವೆ ಗಿರವಿಗೆ ಹೋಗಬೇಕು. ಅವರ ಅವಸರ ನನಗೆ ಅರ್ಥವಾಗದ್ದೇನಲ್ಲ.

ಆದರೆ ಬ್ಯಾಂಕ್ ಪರವಾಗಿ ಮೌಲ್ಯಮಾಪನ ಮಾಡುವವರ ತಲೆನೋವೆಲ್ಲ ಈ ಬೆಲೆಯದ್ದೇ ಅಂದುಕೊಂಡಿದ್ದರೆ ತಪ್ಪು. ಬೆಲೆಗೂ ಮುಂಚೆ ಒಂದು ಪ್ರಶ್ನೆ ಇದೆ: ಇವರು ತೋರಿಸುತ್ತಿರುವ ಜಾಗ, ಪತ್ರದಲ್ಲಿರುವ ಜಾಗವೇನಾ?

ಹಾಸನದಿಂದ ಬೇಲೂರು ಕಡೆ ಹೋಗುವ ರಸ್ತೆ ಪಕ್ಕದ ಒಂದು ಬಡಾವಣೆ. ಪಾರ್ಥೇನಿಯಂ ಎದೆಮಟ್ಟ ಬೆಳೆದಿತ್ತು, ಒಂದು ಗಡಿಕಲ್ಲೂ ಕಾಣುತ್ತಿರಲಿಲ್ಲ. ಸಾಲಗಾರರು ಒಂದು ಕಡೆ ನಿಂತು "ಇದೇ ಸಾರ್" ಅಂದರು. ಟೇಪ್ ಹಿಡಿದೆ, 30x40 ಸರಿಯಾಗಿ ಕೂತಿತು. ಜಿಪಿಎಸ್ ಫೋಟೊ ತೆಗೆದು ವರದಿ ಕೊಟ್ಟೆ. ಪಾಯ ತೋಡಿಸುವಾಗ ಇನ್ನೊಬ್ಬರು ಬಂದು ಜಗಳ ತೆಗೆದರು. ಇವರ ಸೈಟು ಅಲ್ಲಿಂದ ಎರಡು ಸೈಟು ಆಚೆಗಿತ್ತು! ತಮಾಷೆ ಅಂದರೆ, ಅದೇ ಅಳತೆ, ಅದೇ ರಸ್ತೆ, ಅದೇ ದರ. ನಾನು ಬರೆದ ಬೆಲೆಯಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ. ವರದಿ ಮಾತ್ರ ಪೂರ್ತಿ ತಪ್ಪು. ಜಿಪಿಎಸ್ ಫೋಟೊ ನಾನು ಎಲ್ಲಿ ನಿಂತಿದ್ದೆ ಅಂತ ಹೇಳುತ್ತದೆ, ಆ ನೆಲ ಯಾರದ್ದು ಅಂತ ಹೇಳುವುದಿಲ್ಲ.

ಪತ್ರ ನೋಡಿದರೆ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವಲ್ಲಿ, "ಪೂರ್ವಕ್ಕೆ ಉಳಿಕೆ ಸ್ವತ್ತು" ಅಂತಿರುತ್ತದೆ, ಮಾರಿದವರ ಬಳಿ ಉಳಿದ ಜಾಗ ಅಂತ. ಆ ಉಳಿಕೆ ಆಮೇಲೆ ನಾಲ್ಕು ಜನರಿಗೆ ಮಾರಾಟವಾಗಿರುತ್ತದೆ. ಹಳೇ ಪತ್ರಗಳಲ್ಲಿ ಪಕ್ಕದ ಹಿಡುವಳಿದಾರರ ಹೆಸರಿದ್ದರೆ, ಅವರು ತೀರಿಕೊಂಡು ಎಷ್ಟೋ ಕಾಲವಾಗಿರುತ್ತದೆ.

ಮೂಡಿಗೆರೆ ಕಡೆ ಹೋದರೆ ಕಥೆ ಬೇರೆ. ಕಾಫಿ ತೋಟದೊಳಗೆ ಐದು ಗುಂಟೆಯಲ್ಲಿ ಚೆಂದದ ಮನೆ. ಗುಂಟೆಗೆ 1,089 ಚದರಡಿಯಂತೆ 5,445 ಚದರಡಿ, ಲೆಕ್ಕ ಸುಲಭ. ಆದರೆ ಗೇಟಿನವರೆಗಿನ ದಾರಿ ಪಕ್ಕದವರ ತೋಟದೊಳಗೆ. "ಅಪ್ಪನ ಕಾಲದಿಂದ ಓಡಾಡ್ತಿದ್ದೀವಲ್ಲ ಸಾರ್" ಅನ್ನುತ್ತಾರೆ. ಓಡಾಡುತ್ತಿರುವುದು ನಿಜ, ಪತ್ರದಲ್ಲಿ ದಾರಿ ಇಲ್ಲ. ನಾಳೆ ಬ್ಯಾಂಕ್ ಹರಾಜಿಗಿಟ್ಟರೆ ದಾರಿಯಿಲ್ಲದ ಮನೆಯನ್ನು ಯಾರು ಕೂಗುತ್ತಾರೆ? ಜೊತೆಗೆ ಪಹಣಿಯಲ್ಲಿ ಆರು ಹೆಸರು, ಪೋಡಿ ಆಗಿಲ್ಲ, ಅಂದರೆ ಅವರವರ ಪಾಲನ್ನು ಅಳೆದು ಬೇರೆ ಮಾಡಿಲ್ಲ. ಅಲ್ಲಿ ನನ್ನ ಟೇಪ್ ಏನೂ ಮಾಡಲಾರದು, ಪಾಲಿನ ಗಡಿ ತೋರಿಸುವ, ಭೂಮಾಪನ ಇಲಾಖೆಯ 11ಇ ನಕ್ಷೆಯೇ ಬೇಕು. ಬ್ಯಾಂಕಿನವರು ನನಗೆ ಕೊಟ್ಟಿರುವುದು ಎರಡು ದಿನ. ಜುಲೈ ತಿಂಗಳಾದರೆ ಅದರಲ್ಲಿ ಅರ್ಧ ದಿನ ಕಾಲಿನ ಇಂಬಳ ಕೀಳುವುದಕ್ಕೇ ಸರಿ.

ಪಂಚಾಯ್ತಿ ಸ್ವತ್ತಾದರೆ "ಇ-ಸ್ವತ್ತು ಆಗಿದೆ ಸಾರ್" ಅನ್ನುತ್ತಾರೆ, ಪಂಚಾಯ್ತಿಯ ಗಣಕೀಕೃತ ಆಸ್ತಿ ದಾಖಲೆ ಸಿಕ್ಕಿದೆ ಅಂತ. ಕ್ರಮಬದ್ಧ ಸ್ವತ್ತಿನ ನಮೂನೆ 11ಎನಾ, ಹಾಗಲ್ಲದ್ದರ 11ಬಿನಾ ಅಂತ ಕೇಳಿದರೆ ಮುಖ ನೋಡುತ್ತಾರೆ. ಆ ಒಂದು ಅಕ್ಷರದ ಮೇಲೆ ಎಷ್ಟೋ ಸಾಲ ನಿಂತುಹೋಗಿವೆ.

ಇನ್ನು ದರ. ಅಕ್ಕಪಕ್ಕದ ಮಾರಾಟಗಳನ್ನು ನೋಡಿ ಬರೆಯಬೇಕು. ನೋಂದಣಿ ಆಗುವುದು ಬಹಳ ಸಲ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರದ ಆಸುಪಾಸಿನಲ್ಲಿ, ಮಿಕ್ಕಿದ್ದು ನಗದು. ನಿಜವಾದ ದರ ಗೊತ್ತಾಗುವುದು ಟೀ ಅಂಗಡಿಯಲ್ಲಿ, ವರದಿಯಲ್ಲಿ ಟೀ ಅಂಗಡಿ ಅಂತ ಬರೆಯಲಾಗುತ್ತದೆಯೇ?

ಸಾಲದಲ್ಲಿ ವಂಚನೆ ಬಯಲಾದರೆ, ಸುಳ್ಳು ವರದಿ ಕೊಟ್ಟವರ ಹೆಸರು ಬ್ಯಾಂಕುಗಳ ಸಂಘದ ಎಚ್ಚರಿಕೆ ಪಟ್ಟಿಗೆ ಹೋಗಬಹುದು. ಆಮೇಲೆ ಯಾವ ಬ್ಯಾಂಕಿನ ಕೆಲಸವೂ ಸಿಗುವುದು ಕಷ್ಟ. ಅರವತ್ತು ಬರಲಿ ಅಂದಿದ್ದ ಏಜೆಂಟರು ಅಷ್ಟರಲ್ಲಿ ಬೇರೆ ಬ್ಯಾಂಕಿಗೆ ಫೈಲ್ ಹೊರುತ್ತಿರುತ್ತಾರೆ.

ಬೇಲೂರು ರಸ್ತೆಯ ಪಾಠದ ನಂತರ ನಾನು ಸಾಲಗಾರರು ನಿಂತ ಜಾಗದಿಂದ ಅಳೆಯುವುದಿಲ್ಲ. ಅನುಮೋದಿತ ನಕ್ಷೆ ಹಿಡಿದು ಬಡಾವಣೆಯ ಮೂಲೆಯಿಂದ ಸೈಟುಗಳನ್ನು ಎಣಿಸಿಕೊಂಡು ಬರುತ್ತೇನೆ. ಪಕ್ಕದ ಸೈಟಿನವರನ್ನೂ ಕರೆಸಿಡಿ ಅಂತ ಮೊದಲೇ ಫೋನ್ ಮಾಡಿರುತ್ತೇನೆ. ಮೊನ್ನೆ ಆಲೂರಿನಲ್ಲಿ ಒಬ್ಬ ಅಜ್ಜಿ ಪಕ್ಕದವನನ್ನು ಕೈಹಿಡಿದೇ ಕರೆತಂದಿದ್ದರು. "ಕಲ್ಲು ಹಾಕ್ಸಿದ್ದು ಇವ್ನೇ ಕಣಪ್ಪ, ಕೇಳು." ಕಲ್ಲಿಂದ ಕಲ್ಲಿಗೆ ಟೇಪ್ ಎಳೆದೆ. 40 ಇರಬೇಕಾದಲ್ಲಿ 39 ಬಂತು. ಒಂದಡಿ ಅವನ ಕಾಂಪೌಂಡಿನೊಳಗಿತ್ತು. ಅವನು ಆಕಾಶ ನೋಡುತ್ತಿದ್ದ. "ಒಂದಡಿ ತಾನೆ, ಬಿಡಪ್ಪ" ಅಂದರು ಅಜ್ಜಿ. ನಾನು 39 ಅಂತಲೇ ಬರೆದುಕೊಂಡೆ.