ಉಂಗುರ ನನ್ನದು ಎಂದವರು: ಟೋಲ್ಕಿನ್ ಕಥಾಲೋಕದ ಒಂದು ಅಧ್ಯಯನ ಟಿಪ್ಪಣಿ

ಜೆ.ಆರ್.ಆರ್. ಟೋಲ್ಕಿನ್ ಕಟ್ಟಿದ ಮಿಡಲ್ ಅರ್ತ್ ಎಂಬ ಜಗತ್ತನ್ನು ಓದತೊಡಗಿದವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದ್ದು. ರಾಜವಂಶಗಳು, ಯುಗಗಳು, ಒಂದೇ ನದಿಗೆ ಎರಡು ಮೂರು ಭಾಷೆಗಳ ಹೆಸರುಗಳು, ಇವನ್ನೆಲ್ಲ ಬಾಯಿಪಾಠ ಮಾಡಿದರೂ ಪಾತ್ರಗಳ ಒಳಗುಟ್ಟು ಕೈಗೆ ಹತ್ತುವುದಿಲ್ಲ. ಆದ್ದರಿಂದ ಈ ಟಿಪ್ಪಣಿಯಲ್ಲಿ ಒಂದೇ ಎಳೆಯನ್ನು ಹಿಡಿದುಕೊಂಡಿದ್ದೇನೆ. ಈ ಲೋಕವನ್ನೆಲ್ಲ ಆಳಬಯಸುವ ದುಷ್ಟಶಕ್ತಿಯಾದ ಸೌರಾನನ ಉಂಗುರ ಕೈಸೇರಿದಾಗ ಪ್ರತಿಯೊಬ್ಬನೂ ಅದು ತನಗೆ ನ್ಯಾಯವಾಗಿಯೇ ಸಲ್ಲಬೇಕೆಂದು ಯಾವ ಕಾರಣ ಕೊಟ್ಟ, ಮತ್ತು ಅದನ್ನು ಬಿಡಬೇಕಾದಾಗ ಹೇಗೆ ನಡೆದುಕೊಂಡ ಎಂಬುದನ್ನು ಗಮನಿಸಿದರೆ ಈ ಕಥೆಯ ಇತಿಹಾಸ ಮತ್ತು ಪಾತ್ರಗಳು ಒಟ್ಟಿಗೇ ಅರ್ಥವಾಗುತ್ತವೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡಬಹುದು. ಎರಡನೆಯ ಯುಗದಲ್ಲಿ ಸೌರಾನ್ ಸೌಮ್ಯರೂಪ ತಳೆದು ಎರೆಗಿಯನ್ ಪ್ರದೇಶದಲ್ಲಿ ಎಲ್ಫ್ ಎಂಬ ಮುಪ್ಪಿಲ್ಲದ ಜನಾಂಗದ ಕಮ್ಮಾರರ ವಿಶ್ವಾಸ ಗಳಿಸಿ, ಅವರಿಗೆ ಶಕ್ತಿಯ ಉಂಗುರಗಳನ್ನು ಮಾಡುವ ವಿದ್ಯೆ ಕಲಿಸಿದ. ಆಮೇಲೆ ಆ ಎಲ್ಲ ಉಂಗುರಗಳನ್ನೂ ಆಳುವಂಥ ಇನ್ನೊಂದನ್ನು ತನ್ನ ನಾಡಾದ ಮಾರ್ಡೋರಿನ ಅಗ್ನಿಪರ್ವತದಲ್ಲಿ ತಾನೇ ಗುಟ್ಟಾಗಿ ಎರಕ ಹೊಯ್ದು, ತನ್ನ ಶಕ್ತಿಯ ಬಹುಪಾಲನ್ನು ಅದರೊಳಗೆ ಇಟ್ಟ. ಮನುಷ್ಯರಿಗೆ ಸಂದ 9 ಉಂಗುರಗಳು ತಮ್ಮನ್ನು ಧರಿಸಿದವರನ್ನು ನಾಜ್‌ಗುಲ್ ಎಂಬ ಪ್ರೇತಗಳನ್ನಾಗಿಸಿದವು. ಕುಬ್ಜರಿಗೆ ಸಂದ 7 ಉಂಗುರಗಳು ಅವರನ್ನು ಸೌರಾನನ ಗುಲಾಮರನ್ನಾಗಿ ಮಾಡಲಾರದೆ ಅವರ ಚಿನ್ನದಾಸೆಯನ್ನಷ್ಟೇ ಬೆಳೆಸಿದವು. ಎಲ್ಫ್ ಕಮ್ಮಾರರ ಮುಖ್ಯಸ್ಥ ಕೆಲೆಬ್ರಿಂಬೋರ್ ಒಬ್ಬನೇ ಮಾಡಿದ, ಸೌರಾನನ ಕೈ ಸೋಕದ ಮೂರು ಉಂಗುರಗಳು ಎಲ್ಫ್‌ಗಳಲ್ಲಿ ಉಳಿದವು. ಕಥೆ ನಡೆಯುವ ಹೊತ್ತಿಗೆ ಅವು ಎಲ್ಫ್ ನಾಯಕರಾದ ಗಲಾಡ್ರಿಯೆಲ್, ಎಲ್‌ರಾಂಡ್ ಮತ್ತು ಮಾಂತ್ರಿಕ ಗ್ಯಾಂಡಾಲ್ಫರ ಬಳಿ ಇವೆ. ಗ್ಯಾಂಡಾಲ್ಫ್ ಎಲ್ಫ್ ಅಲ್ಲದಿದ್ದರೂ ಅದು ಅವನಲ್ಲಿರುವುದು ಏಕೆಂದರೆ ಸಿರ್ದಾನ್ ಎಂಬ ಹಡಗುಗಾರ ಅದನ್ನು ಅವನಿಗೆ ತಾನಾಗಿಯೇ ಒಪ್ಪಿಸಿದ್ದ. ಶಕ್ತಿಯ ಉಂಗುರವೊಂದು ಜಗಳವಿಲ್ಲದೆ ಕೈ ಬದಲಿಸುವುದು ಈ ಕಥೆಯಲ್ಲಿ ಅಪರೂಪವಾದ್ದರಿಂದ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಎರಡನೆಯ ಯುಗದ ಕೊನೆಯ ಯುದ್ಧದಲ್ಲಿ ಮನುಷ್ಯರ ರಾಜವಂಶದ ಇಸಿಲ್ಡುರ್ ಸೌರಾನನ ಕೈಯಿಂದ ಉಂಗುರವನ್ನು ಕತ್ತರಿಸಿ ತೆಗೆದುಕೊಂಡ. ಅಗ್ನಿಪರ್ವತ ಪಕ್ಕದಲ್ಲೇ ಇತ್ತು, ಉಂಗುರವನ್ನು ಅದರ ಬೆಂಕಿಗೆ ಹಾಕಿ ನಾಶಮಾಡುವಂತೆ ಎಲ್‌ರಾಂಡ್ ಮತ್ತು ಸಿರ್ದಾನ್ ಹೇಳಿದರೂ ಅವನು ಕೇಳಲಿಲ್ಲ. ಅದು ತನ್ನ ತಂದೆಯ ಮತ್ತು ತಮ್ಮನ ಸಾವಿಗೆ ಸಲ್ಲುವ ಪರಿಹಾರ ಎಂದ. ಈ ಮಾತನ್ನು ಹಗುರವಾಗಿ ಓದಬಾರದು, ಏಕೆಂದರೆ ಅದು ಸುಳ್ಳಲ್ಲ, ತಂದೆ ಮತ್ತು ತಮ್ಮ ಇಬ್ಬರೂ ಆ ಯುದ್ಧದಲ್ಲಿಯೇ ಮಡಿದಿದ್ದರು. ಉಂಗುರ ಮೊದಲು ಹುಡುಕುವುದು ಇಂಥ ಅರ್ಧ ನ್ಯಾಯವಾದ ಕಾರಣವನ್ನೇ. ಮೂರನೆಯ ಯುಗದ 2ನೆಯ ವರ್ಷದಲ್ಲಿ ಓರ್ಕ್ ಎಂಬ ದುಷ್ಟ ಜೀವಿಗಳು ಮೇಲೆ ಬಿದ್ದಾಗ, ನದಿಗೆ ಧುಮುಕಿದ ಇಸಿಲ್ಡುರನ ಬೆರಳಿನಿಂದ ಅದು ಜಾರಿಹೋಯಿತು, ಅವನು ಬಾಣಗಳಿಗೆ ಬಲಿಯಾದ.

ಮುಂದೆ ಅದೇ ಯುಗದ 2463ರ ಸುಮಾರಿಗೆ ಡೀಗಲ್ ಎಂಬವನಿಗೆ ಮೀನು ಹಿಡಿಯುವಾಗ ನದಿಯ ತಳದಲ್ಲಿ ಉಂಗುರ ಸಿಕ್ಕಿತು. ಜೊತೆಯಲ್ಲಿದ್ದ ಗೆಳೆಯ ಸ್ಮೀಗಲ್ ಅಂದು ತನ್ನ ಹುಟ್ಟುಹಬ್ಬವೆಂದೂ ಅದನ್ನು ಉಡುಗೊರೆಯಾಗಿ ಕೊಡಬೇಕೆಂದೂ ಕೇಳಿದ. ಆಗಲೇ ಉಡುಗೊರೆ ಕೊಟ್ಟಾಗಿದೆ, ಅದೂ ತನ್ನ ಕೈಮೀರಿ ಕೊಟ್ಟಿದ್ದೇನೆ ಎಂದು ಡೀಗಲ್ ಹೇಳಿದಾಗ ಸ್ಮೀಗಲ್ ಅವನ ಕುತ್ತಿಗೆ ಹಿಸುಕಿ ಕೊಂದ. ಗಾಲಮ್ ಎಂದು ನಾವು ಬಲ್ಲ ಜೀವಿ ಇವನೇ. ಕೊಲೆ ಮಾಡಿದ ಮೇಲೆಯೂ ಅವನು ಬಿಡದೆ ಹೇಳಿಕೊಂಡು ಬಂದದ್ದು ಉಂಗುರ ಹುಟ್ಟುಹಬ್ಬದ ಉಡುಗೊರೆಯೆಂದೇ. ಕತ್ತಲೆಯ ಗುಹೆಯಲ್ಲಿ ಒಬ್ಬನೇ ಕುಳಿತು, ಕೇಳುವವರು ಯಾರೂ ಇಲ್ಲದಿದ್ದರೂ, ಈ ಸುಳ್ಳನ್ನು ತನಗೆ ತಾನೇ ನೂರಾರು ವರ್ಷ ಹೇಳಿಕೊಂಡದ್ದರಲ್ಲಿ ಅವನ ಪಾತ್ರದ ತಿರುಳಿದೆ. ತಾನು ಮಾಡಿದ್ದು ತಪ್ಪೆಂದು ಅವನೊಳಗಿನ ಯಾವುದೋ ಒಂದು ಮೂಲೆಗೆ ಗೊತ್ತಿಲ್ಲದಿದ್ದರೆ ಈ ಸಮರ್ಥನೆಯ ಅಗತ್ಯವೇ ಇರುತ್ತಿರಲಿಲ್ಲ.

ಈಗ ಗಾಲಮನ ಗುಹೆಯಲ್ಲಿ ಉಂಗುರ ಸಿಕ್ಕ, ಹಾಬಿಟ್ ಎಂಬ ಗಿಡ್ಡ ಜನಾಂಗದ ಬಿಲ್ಬೋ ಬ್ಯಾಗಿನ್ಸ್‌ನ ಸರದಿ. ನನ್ನ ದೃಷ್ಟಿಯಲ್ಲಿ ಈ ಇಡೀ ಕಥಾಚಕ್ರದ ಅತ್ಯಂತ ಜಾಣತನದ ಕೆಲಸ ಇಲ್ಲಿದೆ. 1937ರಲ್ಲಿ ‘ದಿ ಹಾಬಿಟ್’ ಮೊದಲು ಅಚ್ಚಾದಾಗ ಅದರ 5ನೆಯ ಅಧ್ಯಾಯ ಇಂದಿನಂತಿರಲಿಲ್ಲ. ಅಲ್ಲಿ ಗಾಲಮ್ ಒಗಟಿನ ಆಟದಲ್ಲಿ ಸೋತರೆ ಬಿಲ್ಬೋಗೆ ಉಡುಗೊರೆ ಕೊಡುವುದಾಗಿ ಮಾತುಕೊಟ್ಟು, ಸೋತ ಮೇಲೆ ಕೊಡಲು ಉಂಗುರ ಸಿಗದೆ, ಪ್ರಾಮಾಣಿಕವಾಗಿ ಕ್ಷಮೆ ಕೇಳಿ, ಬದಲಿಗೆ ಹೊರಗೆ ಹೋಗುವ ದಾರಿ ತೋರಿಸುತ್ತಾನೆ. ಮುಂದಿನ ಕಥೆಯಲ್ಲಿ ಉಂಗುರ ಸೌರಾನನದ್ದೆಂದು ನಿರ್ಧಾರವಾದ ಮೇಲೆ ಈ ಪ್ರಸಂಗ ನಿಲ್ಲುವಂತಿರಲಿಲ್ಲ, ಏಕೆಂದರೆ ಅದನ್ನು ಯಾರೂ ಅಷ್ಟು ಸುಲಭವಾಗಿ ಉಡುಗೊರೆಯಾಗಿ ಕೊಡಲಾರರು. ಆದ್ದರಿಂದ 1951ರ ಎರಡನೆಯ ಆವೃತ್ತಿಯಲ್ಲಿ ಅಧ್ಯಾಯ ಬದಲಾಯಿತು: ಗಾಲಮ್ ಬಿಲ್ಬೋನನ್ನು ಕೊಲ್ಲಲು ಹೊರಡುತ್ತಾನೆ, ಉಂಗುರ ಧರಿಸಿ ಕಣ್ಣಿಗೆ ಕಾಣದಂತಾದ ಬಿಲ್ಬೋ ಅವನ ತಲೆಯ ಮೇಲಿಂದ ಹಾರಿ ಪಾರಾಗುತ್ತಾನೆ.

ಬೇರೆ ಲೇಖಕರಾಗಿದ್ದರೆ ಹಳೆಯ ಪಾಠವನ್ನು ಅಲ್ಲಿಗೇ ಮರೆತುಬಿಡುತ್ತಿದ್ದರು. ಟೋಲ್ಕಿನ್ ಅದನ್ನೂ ಕಥೆಯ ಒಳಕ್ಕೇ ಎಳೆದುಕೊಂಡರು. 1954ರಿಂದ 1955ರವರೆಗೆ ಮೂರು ಸಂಪುಟಗಳಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಪೀಠಿಕೆಯ ಪ್ರಕಾರ, ಹಳೆಯ ಪಾಠವೆಂದರೆ ಬಿಲ್ಬೋ ತನ್ನ ಜೊತೆಗಾರರಿಗೆ ಹೇಳಿದ ಸುಳ್ಳು. ಉಂಗುರವನ್ನು ಆಟದಲ್ಲಿ ಗೆದ್ದದ್ದೆಂದು ಹೇಳಿಕೊಂಡರೆ ತನ್ನ ಹಕ್ಕು ಗಟ್ಟಿಯಾಗುತ್ತದೆಂದು, ಸ್ವಭಾವತಃ ಸತ್ಯವಂತನಾದ ಬಿಲ್ಬೋ ಸುಳ್ಳು ಹೇಳಿದ್ದ. ಗ್ಯಾಂಡಾಲ್ಫನಿಗೆ ಮೊದಲು ಸಂಶಯ ಹುಟ್ಟಿದ್ದು ಇದರಿಂದಲೇ. ಗಾಲಮನ ಉಡುಗೊರೆಯ ಕಥೆಗೂ ಬಿಲ್ಬೋನ ಬಹುಮಾನದ ಕಥೆಗೂ ಇರುವ ಹೋಲಿಕೆ ಅವನ ಮನಸ್ಸನ್ನು ಕೊರೆಯಿತು. ಮುದ್ರಣದ ಇತಿಹಾಸದಲ್ಲಿ ಉಳಿದುಹೋದ ಒಂದು ತಿದ್ದುಪಡಿ ಹೀಗೆ ಉಂಗುರದ ಕೆಡುಕಿಗೆ ಸಾಕ್ಷಿಯಾಯಿತು.

ಆದರೂ ಬಿಲ್ಬೋ ಉಂಗುರವನ್ನು ಬಿಟ್ಟ, ಮತ್ತು ಆ ದೃಶ್ಯವನ್ನು ನಿಧಾನವಾಗಿ ಓದಬೇಕು. ತನ್ನ 111ನೆಯ ಹುಟ್ಟುಹಬ್ಬದ ರಾತ್ರಿ, ಉಂಗುರವಿದ್ದ ಲಕೋಟೆಯನ್ನು ತನ್ನ ವಾರಸುದಾರ ಫ್ರೋಡೋಗೆಂದು ಇಟ್ಟು ಹೊರಡುವುದಾಗಿ ಹೇಳಿದ ಬಿಲ್ಬೋನ ಜೇಬಿನಲ್ಲಿಯೇ ಅದು ಇದೆ. ಗ್ಯಾಂಡಾಲ್ಫ್ ಒತ್ತಾಯಿಸಿದಾಗ ಅವನು ಗಾಲಮನಂತೆಯೇ ‘ನನ್ನ ಬಂಗಾರ’ ಎನ್ನುತ್ತಾನೆ, ಕೈ ಕತ್ತಿಯ ಹಿಡಿಗೆ ಹೋಗುತ್ತದೆ. ಕೊನೆಗೆ ಲಕೋಟೆಯನ್ನು ಗಡಿಯಾರದ ಪಕ್ಕದಲ್ಲಿ ಇಡಹೋದಾಗ ಕೈ ತಾನೇ ಹಿಂದಕ್ಕೆ ಸೆಳೆದುಕೊಂಡು ಲಕೋಟೆ ನೆಲಕ್ಕೆ ಬೀಳುತ್ತದೆ. ಅವನು ಬಗ್ಗುವ ಮೊದಲೇ ಗ್ಯಾಂಡಾಲ್ಫ್ ಅದನ್ನು ಎತ್ತಿ ಅದರ ಜಾಗದಲ್ಲಿ ಇಡುತ್ತಾನೆ. ಬಿಲ್ಬೋನ ಮುಖದಲ್ಲಿ ಮೊದಲು ಸಿಟ್ಟು, ಮರುಕ್ಷಣವೇ ಹಗುರಾದ ನಗು. ಮನಸ್ಸು ಬಿಟ್ಟಿತ್ತು, ಕೈ ಬಿಟ್ಟಿರಲಿಲ್ಲ.

ಮುಂದೆ ಉಂಗುರವನ್ನು ನಾಶಮಾಡಲು ಫ್ರೋಡೋ ಅಗ್ನಿಪರ್ವತದತ್ತ ಹೊರಡುತ್ತಾನೆ. ಅವನ ಜೊತೆಗಿದ್ದ, ಗೊಂಡೋರ್ ಎಂಬ ಮನುಷ್ಯರ ರಾಜ್ಯದ ಬೊರೊಮಿರ್ ಉಂಗುರವನ್ನು ಒಮ್ಮೆಯೂ ಧರಿಸದಿದ್ದರೂ ವಾದವನ್ನು ಮಾತ್ರ ಸಿದ್ಧಪಡಿಸಿಕೊಂಡಿದ್ದ: ಅದು ಫ್ರೋಡೋಗೆ ದಕ್ಕಿದ್ದು ಆಕಸ್ಮಿಕವಾಗಿ, ತನ್ನದೂ ಆಗಬಹುದಿತ್ತು. ಫ್ರೋಡೋನ ಸೇವಕನೂ ಜೊತೆಗಾರನೂ ಆದ ಸ್ಯಾಮ್ ಇದಕ್ಕೆ ಎದುರು ನಿಲ್ಲುವ ಪಾತ್ರ. ಫ್ರೋಡೋ ಸತ್ತನೆಂದು ಭಾವಿಸಿ ಉಂಗುರವನ್ನು ತೆಗೆದುಕೊಂಡ ಸ್ಯಾಮ್, ಮಾರ್ಡೋರಿನ ಗಡಿಯ ಕಿರಿತ್ ಉಂಗೋಲಿನ ಗೋಪುರದಲ್ಲಿ ಅದನ್ನು ಮರಳಿ ಕೊಡುವಾಗ ಒಂದು ಕ್ಷಣ ಹಿಂಜರಿದು, ಹೊರೆಯನ್ನು ತಾನೂ ಹಂಚಿಕೊಳ್ಳಬಹುದೆನ್ನುತ್ತಾನೆ. ಫ್ರೋಡೋ ಅವನನ್ನು ಕಳ್ಳನೆಂದು ಕರೆದು ಉಂಗುರವನ್ನು ಕಿತ್ತುಕೊಳ್ಳುತ್ತಾನೆ. ಅಗ್ನಿಪರ್ವತದ ದೃಶ್ಯಕ್ಕೆ ಓದುಗನನ್ನು ಸಿದ್ಧಗೊಳಿಸುವುದು ಈ ಒಂದು ಬೈಗುಳವೇ.

ಇಬ್ಬರಿಗೂ ದಾರಿ ತೋರಿಸುತ್ತ ಬಂದಿದ್ದ ಗಾಲಮ್ ಬದಲಾಗಬಹುದಾಗಿದ್ದ ಗಳಿಗೆ ಅದಕ್ಕೂ ಮೊದಲೇ ಕಳೆದುಹೋಗಿರುತ್ತದೆ. ಕಿರಿತ್ ಉಂಗೋಲಿನ ಮೆಟ್ಟಿಲುಗಳ ಬಳಿ ನಿದ್ರಿಸುತ್ತಿದ್ದ ಫ್ರೋಡೋನ ಮೊಣಕಾಲನ್ನು ಗಾಲಮ್ ಮೆಲ್ಲಗೆ ಮುಟ್ಟುತ್ತಾನೆ. ಆ ಕ್ಷಣ ಅವನು ಬಂಧುಬಳಗವನ್ನೆಲ್ಲ ಕಳೆದುಕೊಂಡು ಸೊರಗಿದ ಮುದಿ ಹಾಬಿಟ್ಟನಂತೆ ಕಾಣುತ್ತಾನೆ. ಎಚ್ಚರಗೊಂಡ ಸ್ಯಾಮ್ ಒರಟಾಗಿ ಗದರುತ್ತಾನೆ, ಆ ಮುಖ ಮಾಯವಾಗುತ್ತದೆ. ಕಥೆಯ ಅತ್ಯಂತ ಒಳ್ಳೆಯ ಮನುಷ್ಯನ ಕೈಯಲ್ಲಿಯೇ ಈ ಕೆಲಸ ಮಾಡಿಸಿರುವುದು ಟೋಲ್ಕಿನ್ನರ ನಿಷ್ಠುರತೆಗೆ ಸಾಕ್ಷಿ.

ಮೂರನೆಯ ಯುಗದ 3019ರ ಮಾರ್ಚ್ 25ರಂದು ಅಗ್ನಿಪರ್ವತದ ಒಳಗೆ ನಿಂತ ಫ್ರೋಡೋ ಪರಿಹಾರ, ಉಡುಗೊರೆ, ಬಹುಮಾನ ಎಂಬ ಯಾವ ನೆಪವನ್ನೂ ಹೂಡುವುದಿಲ್ಲ. ಉಂಗುರ ತನ್ನದು ಎಂದಷ್ಟೇ ಹೇಳಿ ಧರಿಸುತ್ತಾನೆ. ಗಾಲಮ್ ಅವನ ಬೆರಳನ್ನೇ ಕಚ್ಚಿ ಕಿತ್ತು, ಸಂತೋಷದಲ್ಲಿ ಕುಣಿಯುತ್ತ ಕಾಲುತಪ್ಪಿ ಬೆಂಕಿಗೆ ಬೀಳುತ್ತಾನೆ. 2003ರ ಚಲನಚಿತ್ರದಲ್ಲಿ ಇಬ್ಬರೂ ಹೊಡೆದಾಡಿ ಅಂಚಿನಿಂದ ಉರುಳುತ್ತಾರೆ. ಪುಸ್ತಕದಲ್ಲಿ ಅವನನ್ನು ಯಾರೂ ತಳ್ಳುವುದಿಲ್ಲ. ಇದು ಬರೀ ಆಕಸ್ಮಿಕವೆಂದು ತೋರಿದರೆ ಹಿಂದಿನ ಪುಟಗಳನ್ನು ತಿರುವಬೇಕು. ಗಾಲಮ್ ಫ್ರೋಡೋಗೆ ನಿಷ್ಠನಾಗಿರುವೆನೆಂದು ಆ ಉಂಗುರದ ಹೆಸರಿನಲ್ಲೇ ಆಣೆ ಮಾಡಿದ್ದ. ಇನ್ನೊಮ್ಮೆ ತನ್ನನ್ನು ಮುಟ್ಟಿದರೆ ನೀನೇ ಬೆಂಕಿಗೆ ಬೀಳುವೆ ಎಂಬ ನುಡಿಯೂ ಪರ್ವತದ ಇಳಿಜಾರಿನಲ್ಲಿ ಫ್ರೋಡೋನ ಕಡೆಯಿಂದ ಗಾಲಮನಿಗೆ ಹೊರಟಿತ್ತು. ಅಲ್ಲಿಯೇ, ಕೊಲ್ಲುವ ಅವಕಾಶವಿದ್ದರೂ ಸ್ಯಾಮ್ ಕನಿಕರದಿಂದ ಅವನನ್ನು ಬಿಟ್ಟಿದ್ದ. ಗುಹೆಯಲ್ಲಿ ಬಿಲ್ಬೋ ಮಾಡಿದ್ದೂ ಅದನ್ನೇ. ಇವರಲ್ಲಿ ಒಬ್ಬರು ಗಾಲಮನನ್ನು ಕೊಂದಿದ್ದರೂ ಆ ದಿನ ಫ್ರೋಡೋನ ಕೈಯಿಂದ ಉಂಗುರವನ್ನು ಕಿತ್ತುಕೊಳ್ಳಲು ಯಾರೂ ಉಳಿದಿರುತ್ತಿರಲಿಲ್ಲ.

ಈ ಎಳೆಯನ್ನು ಸ್ವತಃ ಪರಿಶೀಲಿಸಬಯಸುವವರು ‘ದಿ ಹಾಬಿಟ್’ನ 5ನೆಯ ಅಧ್ಯಾಯವನ್ನೂ, ಗ್ಯಾಂಡಾಲ್ಫ್ ಉಂಗುರದ ಪೂರ್ವಕಥೆ ಹೇಳುವ ಮುಂದಿನ ಕಥೆಯ ಮೊದಲ ಭಾಗದ 2ನೆಯ ಅಧ್ಯಾಯವನ್ನೂ ಒಂದರ ಬೆನ್ನಿಗೆ ಒಂದು ಓದಿ, ಆಮೇಲೆ ನೇರವಾಗಿ 4ನೆಯ ಭಾಗದ (ಅದು ಎರಡನೆಯ ಸಂಪುಟದಲ್ಲಿದೆ) 8ನೆಯ ಅಧ್ಯಾಯಕ್ಕೆ ಹೋಗಬಹುದು. ವರ್ಷಗಳ ಲೆಕ್ಕಕ್ಕೆ ಕೊನೆಯ ಸಂಪುಟದ ಎರಡನೆಯ ಅನುಬಂಧ ಸಾಕು.