ಕನಿಷ್ಠ ವೇತನ ಏರಿದಾಗ ಮಾಲೀಕರ ಲೆಕ್ಕದಲ್ಲಿ ಏನೇನು ಕದಲುತ್ತದೆ: ಕರ್ನಾಟಕದ ತುಟ್ಟಿಭತ್ಯೆ ಕುರಿತ ಟಿಪ್ಪಣಿ

ಏಪ್ರಿಲ್ ಬಂತೆಂದರೆ ಸಣ್ಣ ಕಾರ್ಖಾನೆ, ಅಂಗಡಿ, ಹೋಟೆಲುಗಳಲ್ಲಿ ಸಂಬಳದ ಪುಸ್ತಕ ಬರೆಯುವವರೆಲ್ಲ ವಿಚಾರಿಸುವುದು ‘ಈ ಸಲ ಎಷ್ಟು ಏರಿತು’ ಎಂದು. ಕಾರ್ಮಿಕ ಕಾನೂನು ಓದುತ್ತಿರುವ ನಾವು ಅದಕ್ಕೂ ಮುಂಚೆ ‘ಏರಿದ್ದು ಯಾವುದು’ ಎಂದು ಕೇಳಿಕೊಳ್ಳಬೇಕು. ಏಕೆಂದರೆ ಕರ್ನಾಟಕದಲ್ಲಿ ಕನಿಷ್ಠ ವೇತನ ಎರಡು ದಾರಿಯಲ್ಲಿ ಏರುತ್ತದೆ. ಒಂದು, ಸರ್ಕಾರ ದರವನ್ನೇ ಹೊಸದಾಗಿ ನಿಗದಿ ಮಾಡುವ ಪರಿಷ್ಕರಣೆ. ಇನ್ನೊಂದು, ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ಏಪ್ರಿಲ್ 1ರಿಂದ ಸೇರಿಕೊಳ್ಳುವ ತುಟ್ಟಿಭತ್ಯೆ. ಇವೆರಡನ್ನೂ ಒಂದೇ ಎಂದುಕೊಂಡರೆ ಮುಂದಿನ ಲೆಕ್ಕವೆಲ್ಲ ಎಡವುತ್ತದೆ.

ಕಾನೂನಿನ ನೆಲೆಯನ್ನು ಮೊದಲು ಚುಟುಕಾಗಿ ನೋಡೋಣ. ಏಳು ದಶಕಕ್ಕೂ ಹೆಚ್ಚು ಕಾಲ ನಡೆದದ್ದು 1948ರ ಕನಿಷ್ಠ ವೇತನ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಹಳೆಯ ಕಾಯ್ದೆ ಪಟ್ಟಿಯಲ್ಲಿದ್ದ ‘ಅನುಸೂಚಿತ ಉದ್ಯೋಗ’ಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಸಂಹಿತೆಯಲ್ಲಿ ಆ ಬೇಲಿ ಇಲ್ಲ, ಎಲ್ಲ ಉದ್ಯೋಗಗಳೂ ಅದರೊಳಗೆ ಬರುತ್ತವೆ. ಐದು ವರ್ಷ ಮೀರದ ಅಂತರದಲ್ಲಿ ದರವನ್ನು ಪುನರ್‌ಪರಿಶೀಲಿಸಬೇಕೆಂಬ ನಿಯಮ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ.

ಪರಿಷ್ಕರಣೆಯ ಅಂಕಿ ಕೆಲವೊಮ್ಮೆ ಎದೆ ಝಲ್ಲೆನ್ನುವಷ್ಟು ದೊಡ್ಡದಾಗಿರುವುದಕ್ಕೆ ಕಾರಣವಿದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಒಂದು ಅಳತೆಗೋಲು ಕೊಟ್ಟಿತು: ದುಡಿಯುವವನೊಬ್ಬನ ಮೇಲೆ ಮೂರು ಬಳಕೆ ಘಟಕ (ಅಂದರೆ ಅವನೂ ಸೇರಿ ಮೂವರು ವಯಸ್ಕರ ಖರ್ಚಿಗೆ ಸಮನಾದ ಕುಟುಂಬ), ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ; ಇವಲ್ಲದೆ ಉರುವಲು, ದೀಪ ಮತ್ತು ಇತರ ಖರ್ಚಿಗೆಂದು ಶೇ 20. ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಕ್ಕಳ ಓದು, ಔಷಧಿ, ಮುಪ್ಪು, ಮದುವೆ ಮುಂತಾದವುಗಳಿಗೆಂದು ಶೇ 25 ಸೇರಿಸಿತು. ಈ ಅಳತೆಯಲ್ಲಿ ಇಂದಿನ ಅಕ್ಕಿ, ಬೇಳೆ, ಬಾಡಿಗೆಯ ದರ ಹಾಕಿ ನೋಡಿದರೆ ಅಂಕಿ ಸಹಜವಾಗಿಯೇ ಜಿಗಿಯುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ 81 ಅನುಸೂಚಿತ ಉದ್ಯೋಗಗಳಿಗೆ ಹೊರಡಿಸಿದ ಕರಡಿನಲ್ಲಿ ಬೆಂಗಳೂರಿನ ಅಕುಶಲ ಕಾರ್ಮಿಕರ ಪ್ರಸ್ತಾಪಿತ ದರ ತಿಂಗಳಿಗೆ 23 ಸಾವಿರ ರೂಪಾಯಿ ದಾಟಿದ್ದು ಹೀಗೆ. ಆದರೆ ಕರಡು ಕರಡೇ. ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಕಾಲಾವಕಾಶ ಕೊಟ್ಟು, ಬಂದದ್ದನ್ನು ಪರಿಶೀಲಿಸಿ, ಅಂತಿಮ ಅಧಿಸೂಚನೆ ಹೊರಬಿದ್ದ ಮೇಲಷ್ಟೇ ಕೊಡುವ ಹೊಣೆ ಹುಟ್ಟುತ್ತದೆ. ಪತ್ರಿಕೆಯ ತಲೆಬರಹ ನೋಡಿ ಸಂಬಳ ಬದಲಿಸುವ ಮಾಲೀಕರೂ ಇಲ್ಲ, ಬಿಡಿ. ಅಂತಿಮ ಅಧಿಸೂಚನೆಯನ್ನೂ ‘ಇನ್ನೂ ಕರಡು’ ಎಂದು ದೂಡುವವರೇ ಹೆಚ್ಚು.

‘ನಮಗೆ ಕೊಡುವ ಶಕ್ತಿ ಇಲ್ಲ’ ಎಂಬ ವಾದ ಕನಿಷ್ಠ ವೇತನದ ಮುಂದೆ ನಿಲ್ಲುವುದಿಲ್ಲ ಎಂಬುದು 1961ರ ಉಣ್ಣಿಚ್ಚೋಯಿ ತೀರ್ಪಿನ ಕಾಲದಿಂದ ಸ್ಥಿರಪಟ್ಟ ಮಾತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದಿತು.

ತುಟ್ಟಿಭತ್ಯೆಯ ಲೆಕ್ಕ

ಇದು ಶುದ್ಧ ಅಂಕಗಣಿತ. ಹಿಂದಿನ ಕ್ಯಾಲೆಂಡರ್ ವರ್ಷದ ಸರಾಸರಿ ಗ್ರಾಹಕ ಬೆಲೆ ಸೂಚ್ಯಂಕ ಎಷ್ಟು ಪಾಯಿಂಟ್ ಏರಿದೆಯೋ ಅದನ್ನು ಅಧಿಸೂಚನೆಯಲ್ಲಿ ಹೇಳಿದ ಪೈಸೆಯಿಂದ ಗುಣಿಸಬೇಕು. ಗಾರ್ಮೆಂಟ್ ಕಾರ್ಮಿಕರಿಗೆ 2020ರ ಏಪ್ರಿಲ್ 1ರಿಂದ ಸಲ್ಲಬೇಕಿದ್ದ ಹೆಚ್ಚಳವನ್ನೇ ತೆಗೆದುಕೊಳ್ಳಿ: ತಿಂಗಳಿಗೆ 417 ರೂಪಾಯಿ 60 ಪೈಸೆ. ಪಾಯಿಂಟಿಗೆ ದಿನಕ್ಕೆ 4 ಪೈಸೆ; 348 ಪಾಯಿಂಟಿಗೆ ದಿನಕ್ಕೆ 13 ರೂಪಾಯಿ 92 ಪೈಸೆ; 30 ದಿನಕ್ಕೆ 417.60. ಇಲ್ಲಿ ಗುಣಿಸುವುದು 30ರಿಂದ. ತಿಂಗಳ ಸಂಬಳದಿಂದ ದಿನಗೂಲಿ ತೆಗೆಯುವಾಗ ಮಾತ್ರ ವಾರದ ರಜೆ ಕಳೆದು 26ರಿಂದ ಭಾಗಿಸುತ್ತೇವೆ. ಪರೀಕ್ಷೆಯಲ್ಲಿ ಅಂಕ ಹೋಗುವುದೂ, ಸಂಬಳದ ಪುಸ್ತಕದಲ್ಲಿ ತಕರಾರು ಬರುವುದೂ ಹೆಚ್ಚಾಗಿ ಈ 26 ಮತ್ತು 30ರ ನಡುವೆಯೇ.

ಆ 417 ರೂಪಾಯಿಯ ಕತೆ ಅಷ್ಟಕ್ಕೇ ಮುಗಿಯಲಿಲ್ಲ. ಕೋವಿಡ್ ಕಾರಣ ಕೊಟ್ಟು ರಾಜ್ಯ ಸರ್ಕಾರ ಅದನ್ನು 2021ರ ಮಾರ್ಚ್ 31ರವರೆಗೆ ಮುಂದೂಡಿತು. ವಿಷಯ ಹೈಕೋರ್ಟಿಗೆ ಹೋಗಿ ಮುಂದೂಡಿಕೆಗೆ ತಡೆ ಸಿಕ್ಕಿತು. ಆಮೇಲೂ ಅನೇಕ ಕಾರ್ಖಾನೆಗಳು ಕೊಡದೆ ಉಳಿದು, ವಿದೇಶಿ ಬ್ರಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ 2022ರಲ್ಲಿ ಬಾಕಿ ಪಾವತಿ ಶುರುವಾಯಿತು. ಆ ಹೊತ್ತಿಗೆ ಒಬ್ಬೊಬ್ಬರ ಒಂದು ವರ್ಷದ ಬಾಕಿಯೇ 5,011 ರೂಪಾಯಿ. ಅದನ್ನು ಸಾವಿರಾರು ಮಂದಿಯಿಂದ ಗುಣಿಸಿ ನೋಡಿದರೆ ತಡಮಾಡುವುದು ಎಂಥ ಉಳಿತಾಯ ಎಂದು ತಿಳಿಯುತ್ತದೆ.

ಇನ್ನೊಂದು ಗೊಂದಲ: ಮೊದಲೇ ಹೆಚ್ಚು ಕೊಡುತ್ತಿರುವ ಮಾಲೀಕ ಈ ತುಟ್ಟಿಭತ್ಯೆಯನ್ನು ಮತ್ತೆ ಪ್ರತ್ಯೇಕವಾಗಿ ಕೊಡಬೇಕೇ? ಇದಕ್ಕೆ ಉತ್ತರ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣದಲ್ಲಿದೆ. ಏರ್‌ಫ್ರೈಟ್ ಲಿಮಿಟೆಡ್ ಮತ್ತು ಕರ್ನಾಟಕ ಸರ್ಕಾರದ ನಡುವಣ 1999ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನ ಎಂಬುದು ಒಂದೇ ಇಡಿ ಮೊತ್ತ ಎಂದಿತು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಕೊಡುತ್ತಿರುವುದು ನಿಗದಿತ ಒಟ್ಟು ಮೊತ್ತಕ್ಕಿಂತ ಹೆಚ್ಚಿದ್ದರೆ ಬೇರೆಯಾಗಿ ಕೊಡಬೇಕಿಲ್ಲ. ಒಪ್ಪಂದದಲ್ಲಿ ಹಾಗೆಂದು ಬರೆದುಕೊಟ್ಟಿದ್ದರೆ ಮಾತು ಬೇರೆ.

ಒಂದು ಏರಿಕೆ, ಹಲವು ಬಾಲಗಳು

ಒಬ್ಬ ಸಹಾಯಕನ ಸಂಬಳ 15,500ರಿಂದ 16,000ಕ್ಕೆ ಏರಿತು ಎಂದಿಟ್ಟುಕೊಳ್ಳೋಣ. ಮಾಲೀಕರಿಗೆ ಕಾಣುವುದು 500 ರೂಪಾಯಿ. ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಮಾಲೀಕರ ಪಾಲು ಶೇ 3.25, ಅಂದರೆ ಇನ್ನೊಂದು 16 ರೂಪಾಯಿ 25 ಪೈಸೆ. ಪಿಎಫ್‌ನಲ್ಲಿ ಕಡ್ಡಾಯ ಮಿತಿ 15,000 ರೂಪಾಯಿ. ಅಷ್ಟಕ್ಕೇ ಕಟ್ಟುವವರಿಗೆ ಏನೂ ಬದಲಾಗದು, ಪೂರ್ತಿ ಸಂಬಳದ ಮೇಲೆ ಕಟ್ಟುವವರಿಗೆ ಶೇ 12ರಂತೆ 60 ರೂಪಾಯಿ ಕೂಡುತ್ತದೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರವಿರುವುದರಿಂದ ಗಂಟೆಗೆ 4 ರೂಪಾಯಿ 81 ಪೈಸೆ ಜಾಸ್ತಿ. ಬೋನಸ್ ನಿಯಮ ಅನ್ವಯಿಸುವ ಸಂಸ್ಥೆಯಾದರೆ ಅಲ್ಲೂ ಒಂದು ಗಂಟಿದೆ: ಬೋನಸ್ ಲೆಕ್ಕಕ್ಕೆ 7,000 ರೂಪಾಯಿ ಅಥವಾ ಕನಿಷ್ಠ ವೇತನ, ಎರಡರಲ್ಲಿ ಹೆಚ್ಚಿನದು ಎಂದು 2015ರ ತಿದ್ದುಪಡಿ ಹೇಳಿತು. ಶೇ 8.33 ಎಂದರೆ ಹೆಚ್ಚುಕಡಿಮೆ ವರ್ಷಕ್ಕೊಂದು ತಿಂಗಳ ಸಂಬಳ. ಹಾಗಾಗಿ ಬೋನಸ್ ಕೂಡ ವರ್ಷಕ್ಕೆ ಸುಮಾರು 500 ರೂಪಾಯಿ ಏರಿತು.

ಎಲ್ಲಕ್ಕಿಂತ ಸದ್ದಿಲ್ಲದೆ ಬೆಳೆಯುವುದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆಂದು ಕೊಡುವ ಇಡಿಗಂಟು. ಅದರ ಲೆಕ್ಕ ಕೊನೆಯ ಸಂಬಳದ ಮೇಲೆ, ಸೇವೆಯ ಪ್ರತಿ ವರ್ಷಕ್ಕೆ 26ರಲ್ಲಿ 15 ಪಾಲು. 500 ರೂಪಾಯಿ ಏರಿಕೆಗೆ ವರ್ಷಕ್ಕೆ 288 ರೂಪಾಯಿ. ಹತ್ತು ವರ್ಷ ದುಡಿದವನಿಗೆ 2,884. ಏರಿಕೆ ಇಂದಿನದಾದರೂ ಕಳೆದ ಹತ್ತು ವರ್ಷಗಳ ಹೊಣೆಯೂ ಏರಿತು. ಬಜೆಟ್ ಹಾಕುವವರು ಮರೆಯುವುದು ಇದನ್ನೇ.

ಕಾನೂನಿನ ಪುಸ್ತಕದಲ್ಲಿ ಸಿಗದ ಸಮಸ್ಯೆಯೂ ಒಂದಿದೆ. ಎಂಟು ವರ್ಷದಿಂದ ಇರುವ ಯಂತ್ರ ಚಾಲಕನಿಗೆ 16,200 ಸಿಗುತ್ತಿದೆ. ಅವನ ವರ್ಗದ ಕನಿಷ್ಠ ದರಕ್ಕಿಂತ ಅದು ಹೆಚ್ಚೇ ಇದ್ದರೆ ಏರಿಸಬೇಕೆಂದು ಕಾನೂನು ಹೇಳುವುದಿಲ್ಲ. ನಿನ್ನೆ ಸೇರಿದ ಸಹಾಯಕನಿಗೂ ಅವನಿಗೂ ಈಗ ಇನ್ನೂರು ರೂಪಾಯಿಯ ಅಂತರ. ನನ್ನ ಅಭಿಪ್ರಾಯದಲ್ಲಿ ಕನಿಷ್ಠ ವೇತನದ ನಿಜವಾದ ವೆಚ್ಚ ಲೆಕ್ಕ ಹಾಕುವವರು ಈ ಎರಡನೇ ಸಾಲಿನವರ ಏರಿಕೆಯನ್ನೂ ಸೇರಿಸಿಯೇ ಹಾಕಬೇಕು. ಇಲ್ಲವಾದರೆ ಜೂನ್ ಹೊತ್ತಿಗೆ ಒಳ್ಳೆಯ ಕೆಲಸಗಾರ ಪಕ್ಕದ ಶೆಡ್ಡಿನಲ್ಲಿರುತ್ತಾನೆ. ಹಾಗೆಯೇ ಅವನನ್ನು ಯಾವ ವರ್ಗದಲ್ಲಿ ಬರೆದಿದ್ದೀರಿ ಎಂದೂ ನೋಡಿ: ಕುಶಲನನ್ನು ಅರೆಕುಶಲ ಎಂದು ಬರೆದಿಟ್ಟ ಪುಸ್ತಕಗಳಿಗೆ ನಮ್ಮಲ್ಲಿ ಕೊರತೆಯಿಲ್ಲ.

ಗುತ್ತಿಗೆದಾರರ ಮೂಲಕ ಬಂದ ಕಾವಲುಗಾರ, ಸ್ವಚ್ಛತಾ ಸಿಬ್ಬಂದಿಯ ಲೆಕ್ಕವನ್ನೂ ಬಿಡುವಂತಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಬಾಕಿಯ ಹೊಣೆ ಕೆಲಸ ಮಾಡಿಸಿಕೊಂಡ ಸಂಸ್ಥೆಯ ಮೇಲೆ ಬರುತ್ತದೆ. ಗುತ್ತಿಗೆ ಪತ್ರದಲ್ಲಿ ಏಪ್ರಿಲ್ ತುಟ್ಟಿಭತ್ಯೆಯ ಷರತ್ತು ಇದೆಯೇ ಎಂದು ಮಾರ್ಚ್‌ನಲ್ಲೇ ನೋಡಿಕೊಳ್ಳಬೇಕು.

ಹಳೆಯ ಕಾಯ್ದೆಯಲ್ಲಿ ಕಡಿಮೆ ವೇತನದ ದೂರಿಗೆ ಆರು ತಿಂಗಳ ಗಡುವಿತ್ತು; ಸಂಹಿತೆಯಲ್ಲಿ ಮೂರು ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ತಿಂಗಳಿಗೆ 500ರಂತೆ ಒಂದು ವರ್ಷ ಉಳಿಸಿಕೊಂಡ 6,000 ರೂಪಾಯಿಗೆ ಪರಿಹಾರವೇ 60,000ದವರೆಗೆ ಹೋಗಬಹುದು. ಮೊದಲ ತಪ್ಪಿಗೆ 50,000 ರೂಪಾಯಿವರೆಗಿನ ದಂಡ ಬೇರೆ. ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಭಾರವೂ ಮಾಲೀಕನದೇ. ಆದ್ದರಿಂದ ಆಯಾ ವರ್ಷದ ತುಟ್ಟಿಭತ್ಯೆ ಆದೇಶ, ಹಾಜರಿ ಪುಸ್ತಕ, ವೇತನ ಚೀಟಿಯ ಪ್ರತಿ ಈ ಮೂರನ್ನೂ ಒಂದೇ ಕಡತದಲ್ಲಿ ಕನಿಷ್ಠ ಮೂರು ವರ್ಷ ಉಳಿಸಿಕೊಳ್ಳಬೇಕು.