ರೋಣಗಲ್ಲು ಮತ್ತು ವಿಂಬಲ್ಡನ್

‘ಸರ್, ಆ ಸಿಂಥೆಟಿಕ್ ಗಿಂಥೆಟಿಕ್ ಬ್ಯಾಡ್ರಿ. ವಿಂಬಲ್ಡನ್‌ನಾಗ ಐತಲ್ಲ, ಹಂಗ ಹುಲ್ಲು ಹಾಕಿಬಿಡ್ರಿ.’

ದಾವಣಗೆರೆ ಹೊರಗೆ ತೋಟದ ಮನೆ ಕಟ್ಟಿಸುತ್ತಿರುವ ಅಡಿಕೆ ಸಾವ್ಕಾರರೊಬ್ಬರ ಬೇಡಿಕೆ ಇದು. ಮೊಮ್ಮಗಳು ಟೆನಿಸ್ ಆಡುತ್ತಾಳಂತೆ. ನಾನು ಆಟದ ಅಂಗಳ ಹಾಕುವ ಸಿವಿಲ್ ಎಂಜಿನಿಯರ್. ಟಿವಿಯಲ್ಲಿ ಮ್ಯಾಚ್ ಬಂದರೆ ಮನೆಯವರೆಲ್ಲ ಚೆಂಡು ನೋಡುತ್ತಾರೆ, ನಾನು ನೆಲ ನೋಡುತ್ತೇನೆ. ಹಾಗಾಗಿ ವಿಂಬಲ್ಡನ್ ಕಥೆಯನ್ನು ನಾನು ಹೇಳಿದರೆ ಅದು ನೆಲದ ಕಥೆಯೇ ಆಗುತ್ತದೆ.

ಆ ಟೂರ್ನಿ ಶುರುವಾಗಿದ್ದೇ ಒಂದು ರೋಲರ್‌ನಿಂದ ಅನ್ನುತ್ತಾರೆ. ಅದನ್ನು ನಡೆಸುವ ಕ್ಲಬ್ 1868ರಲ್ಲಿ ಲಂಡನ್ ಪಕ್ಕದಲ್ಲಿ ಹುಟ್ಟಿದಾಗ ಟೆನಿಸ್ ಕ್ಲಬ್ಬೇ ಅಲ್ಲ. ಮರದ ಸುತ್ತಿಗೆಯಿಂದ ಚೆಂಡು ತಳ್ಳುವ ಕ್ರೋಕೆ ಆಟದ್ದು. ಹುಲ್ಲು ಸಮ ಮಾಡಲು ಕುದುರೆಮರಿಯಂಥ ಪೋನಿ ಎಳೆಯುವ ರೋಲರ್ ಇಟ್ಟಿದ್ದರು. ಅದು ಕೆಟ್ಟಿತು. ರಿಪೇರಿಗೆ ದುಡ್ಡು ಬೇಕಿತ್ತು. ಆಗಷ್ಟೇ ಜನಕ್ಕೆ ಹುಚ್ಚು ಹಿಡಿಸುತ್ತಿದ್ದ ಲಾನ್ ಟೆನಿಸ್‌ನಲ್ಲಿ ಒಂದು ಪಂದ್ಯಾವಳಿ ನಡೆಸೋಣ ಅಂದುಕೊಂಡರು. 1877ರ ಜುಲೈನಲ್ಲಿ 22 ಜನ ಹೆಸರು ಕೊಟ್ಟರು. ಮಳೆ ಬಂದು ಫೈನಲ್ ಮುಂದಕ್ಕೆ ಹೋಯಿತು. ಮೊದಲ ವರ್ಷವೇ ಮಳೆ, ನೋಡಿ! ಒಂದು ಶಿಲ್ಲಿಂಗ್ ಕೊಟ್ಟು ಬಂದ ಸುಮಾರು 200 ಜನರ ಮುಂದೆ ಸ್ಪೆನ್ಸರ್ ಗೋರ್ ಗೆದ್ದ.

ನೆಲಕ್ಕೆ ರೋಲರ್ ಹೊಡೆಯುವುದು ನಮ್ಮ ಕಡೆಯವರಿಗೆ ಹೊಸ ವಿಷಯವೇನಲ್ಲ. ಸುಗ್ಗಿಗೆ ಮೊದಲು ಕಣ ಮಾಡುವುದನ್ನು ನೋಡಿದವರಿಗೆ ಗೊತ್ತು. ನೆಲ ಕೆತ್ತಿ, ನೀರು ಹೊಡೆದು, ತುಳಿಸಿ, ಸಗಣಿ ಸಾರಿಸಿ, ಆಮೇಲೆ ಎತ್ತು ಹೂಡಿ ರೋಣಗಲ್ಲು ಎಂಬ ಉರುಳುಗಲ್ಲು ಎಳೆಸುತ್ತಿದ್ದರು. ಕಣ ಸರಿಯಿಲ್ಲ ಅಂದರೆ ರಾಗಿಯಲ್ಲಿ ಮಣ್ಣು. ಕೋರ್ಟ್ ಸರಿಯಿಲ್ಲ ಅಂದರೆ ಚೆಂಡು ಎಲ್ಲಿಗೋ.

1877ರಲ್ಲೇ ಅವರು ಮಾಡಿದ ಇನ್ನೊಂದು ಕೆಲಸಕ್ಕೆ ನಾನು ಇವತ್ತಿಗೂ ಋಣಿ. ಅದಕ್ಕೆ ಮೊದಲು ನೆಟ್ ಹತ್ತಿರ ಸೊಂಟ ಸಣ್ಣಗಿರುವ, ಡಮರುಗದಂಥ ಕೋರ್ಟ್‌ಗಳೂ ಇದ್ದವು. ವಿಂಬಲ್ಡನ್‌ನವರು ಉದ್ದ 78 ಅಡಿ, ಅಗಲ 27 ಅಡಿಯ ಚೌಕಟ್ಟು ಹಾಕಿದರು. ಸಿಂಗಲ್ಸ್‌ಗೆ ಇಂದಿಗೂ ಅದೇ ಅಳತೆ. ನಾನು ಟೇಪ್ ಹಿಡಿದು ಗುರುತು ಹಾಕುವಾಗ ಅವರ ಲೆಕ್ಕವನ್ನೇ ಹಾಕುತ್ತಿರುತ್ತೇನೆ. ಸರ್ವ್ ಮಾಡಿದ ಚೆಂಡು ದಾಟಿ ಬೀಳಬಾರದ ಸರ್ವಿಸ್ ಗೆರೆ ಮಾತ್ರ ಆಗ ನೆಟ್‌ನಿಂದ 26 ಅಡಿ ದೂರ ಇತ್ತು, ಬರುಬರುತ್ತಾ 21ಕ್ಕೆ ಇಳಿಯಿತು.

1922ರಲ್ಲಿ ವರ್ಪಲ್ ರಸ್ತೆಯಿಂದ ಈಗಿರುವ ಚರ್ಚ್ ರಸ್ತೆಗೆ ಜಾಗ ಬದಲಾಯಿತು. ಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಸೆಂಟರ್ ಕೋರ್ಟ್ ಮೇಲೆ ಬಾಂಬ್ ಬಿತ್ತು. 1968ರಲ್ಲಿ ವೃತ್ತಿಪರ ಆಟಗಾರರಿಗೆ ಬಾಗಿಲು ತೆರೆಯಿತು. ಗೆದ್ದ ರಾಡ್ ಲೇವರ್‌ಗೆ 2,000 ಪೌಂಡ್ ಸಿಕ್ಕರೆ ಬಿಲ್ಲಿ ಜೀನ್ ಕಿಂಗ್‌ಗೆ 750. ಗಂಡು ಹೆಣ್ಣಿಗೆ ಸಮ ಬಹುಮಾನ ಬರುವಷ್ಟರಲ್ಲಿ 2007 ಆಯಿತು. ಇದೆಲ್ಲ ಎಲ್ಲರೂ ಬರೆಯುತ್ತಾರೆ, ನಾನು ಹುಲ್ಲಿಗೆ ಬರುತ್ತೇನೆ.

ಹಳೆಯ ಫೈನಲ್‌ಗಳ ಫೋಟೋ ಸಿಕ್ಕರೆ ನೋಡಿ. ಬೇಸ್‌ಲೈನ್ ಎನ್ನುವ ಹಿಂದಿನ ಗೆರೆಯಿಂದ ನೆಟ್‌ವರೆಗೆ ಹುಲ್ಲು ಸವೆದು ಕಾಲುದಾರಿ ಬಿದ್ದಿರುತ್ತದೆ. ಸರ್ವ್ ಮಾಡುವುದು, ಮುಂದಕ್ಕೆ ಓಡುವುದು, ಅದೇ ಆಟ. ಈಗಿನ ಫೋಟೋದಲ್ಲಿ ನೆಟ್ ಹತ್ತಿರ ಹಸಿರು ಹಾಗೇ ಇರುತ್ತದೆ, ಬೇಸ್‌ಲೈನ್ ಮಾತ್ರ ಬೋಳು. ನಡುವೆ ಹುಲ್ಲೇ ಬದಲಾಯಿತು. ಮೊದಲು 70 ಭಾಗ ರೈ ಹುಲ್ಲು, 30 ಭಾಗ ಫೆಸ್ಕ್ಯೂ ಎಂಬ ಮೆತ್ತನೆಯ ಹುಲ್ಲು ಬಿತ್ತುತ್ತಿದ್ದರು. 2001ರಿಂದ ಪೂರ್ತಿ ರೈ. ಬೇಗ ಸವೆಯಬಾರದು ಅನ್ನುವುದು ಅವರ ಉದ್ದೇಶ. ಆದರೆ ನೆಲ ಒಣಗಿ ಗಟ್ಟಿಯಾಯಿತು, ಚೆಂಡು ಜಾರುವ ಬದಲು ಎದ್ದು ಬರತೊಡಗಿತು. 2002ರ ಫೈನಲ್‌ನಲ್ಲಿ ಹೆವಿಟ್ ಮತ್ತು ನಲ್ಬಾಂಡಿಯನ್ ಹಿಂದೆ ನಿಂತೇ ಆಡಿದರು.

ಎಲ್ಲ ಹುಲ್ಲಿನ ಮಹಿಮೆ ಅಂತ ನಾನು ಒಪ್ಪುವುದಿಲ್ಲ. ಹೊಸ ಹುಲ್ಲು ಬಂದ ಆ 2001ರಲ್ಲೇ ಫೈನಲ್ ಆಡಿದ ಇವಾನಿಸೆವಿಚ್, ರಾಫ್ಟರ್ ಇಬ್ಬರೂ ನೆಟ್‌ಗೆ ನುಗ್ಗುವವರು, ಅಲ್ವಾ? ರಾಕೆಟ್ ತಂತಿಯೂ ಅದೇ ಕಾಲಕ್ಕೆ ಬದಲಾಗುತ್ತಿತ್ತು. ಪಾಲಿಯೆಸ್ಟರ್ ತಂತಿ ಚೆಂಡಿಗೆ ಜಾಸ್ತಿ ತಿರುವು ಕೊಡುತ್ತದೆ. ಅರ್ಧ ಪಾಲು ನೆಲದ್ದು, ಅರ್ಧ ತಂತಿಯದ್ದು ಅನ್ನುವುದು ನನ್ನ ಅಂದಾಜು.

ಅಲ್ಲಿ ಹುಲ್ಲನ್ನು ಸರಿಯಾಗಿ 8 ಮಿಲಿಮೀಟರ್‌ಗೆ ಕತ್ತರಿಸುತ್ತಾರೆ. ಕೊಳವೆಯೊಳಗಿಂದ ಒಂದು ಭಾರ ಬೀಳಿಸಿ ನೆಲದ ಗಟ್ಟಿತನ ಅಳೆಯುತ್ತಾರೆ. 2012ರಲ್ಲಿ ಟೂರ್ನಿ ಮುಗಿದ 20 ದಿನಕ್ಕೆ ಅಲ್ಲೇ ಒಲಿಂಪಿಕ್ಸ್ ಇತ್ತು. ಬೀಜವನ್ನು ಮೊದಲೇ ಮೊಳಕೆ ಬರಿಸಿ ಬಿತ್ತಿದರು, ನಾವು ಭತ್ತದ ಬೀಜ ನೆನೆಹಾಕುತ್ತೇವಲ್ಲ, ಹಾಗೆ.

ಈಗ ಸಾವ್ಕಾರರ ತೋಟ. ಅಲ್ಲಿರುವುದು ಎರೆ ಭೂಮಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ನನ್ನ ಮೊದಲ ಕೋರ್ಟ್‌ನಲ್ಲಿ ಒಂದೇ ಅಡಿ ತೆಗೆದು ಮೇಲೆ ಗರಸು ಹಾಕಿದ್ದೆ. ದುಡ್ಡು ಉಳಿಸಲು ಹೋದೆ, ತಪ್ಪು ನನ್ನದೇ. ಮುಂದಿನ ಬೇಸಿಗೆಗೆ ಸರ್ವಿಸ್ ಬಾಕ್ಸ್ ನಡುವೆ ಕೈಬೆರಳು ತೂರುವಷ್ಟು ಬಿರುಕು. ಸ್ವಂತ ಖರ್ಚಿನಲ್ಲಿ ಅಗೆದು ಮತ್ತೆ ಹಾಕಿಕೊಟ್ಟೆ. ಈಗ ಮೂರು ಅಡಿ ಎರೆ ತೆಗೆಸುತ್ತೇನೆ, ಗರಸನ್ನು ಅರ್ಧರ್ಧ ಅಡಿ ಪದರವಾಗಿ ಹಾಕಿ ರೋಲರ್ ಓಡಿಸುತ್ತೇನೆ. ತಮಾಷೆ ಏನೆಂದರೆ, ಹುಲ್ಲಿನ ಕೋರ್ಟ್‌ನ ಮೇಲ್ಪದರಕ್ಕೆ ಜಿಗುಟು ಮಣ್ಣು ಬೇಕೇ ಬೇಕು, ಕ್ರಿಕೆಟ್ ಪಿಚ್‌ಗೆ ಬೇಕಲ್ಲ, ಹಾಗೆ. ಅಡಿಯಲ್ಲಿದ್ದರೆ ಶನಿ, ಮೇಲೆ ಹದವಾಗಿ ಬೆರೆಸಿದರೆ ಸಿರಿ.

ರೈ ಹುಲ್ಲಿನ ಆಸೆ ಬಿಡಿ ಅಂದೆ. ಅದು ತಂಪು ನಾಡಿನದ್ದು, ನಮ್ಮ ಏಪ್ರಿಲ್ ಬಿಸಿಲಿಗೆ ಸುಟ್ಟುಹೋಗುತ್ತದೆ. ಇಲ್ಲಿಗೆ ಬರ್ಮುಡಾ ಹುಲ್ಲು ಸರಿ. ಹೆಸರು ಕೇಳಿ ಅವರು ಖುಷಿಯಾದರು. ‘ಅದು ಗರಿಕೆ ಸಾವ್ಕಾರ್ರೆ, ಗಣಪತಿಗೆ ಏರಿಸೋದು’ ಅಂದಾಗ ಮುಖ ಸ್ವಲ್ಪ ಸಣ್ಣಗಾಯಿತು. ದಿನಾ ನೀರು, ವಾರಕ್ಕೆ ಹಲವು ಸಲ ಕತ್ತರಿ, ಒಬ್ಬ ಆಳು ಅದಕ್ಕೇ ಬೇಕು ಅಂತಲೂ ಹೇಳಿದೆ.

‘ನಡೀತತಿ ಬಿಡ್ರಿ’ ಅಂದರು. ‘ರೋಲರ್‌ಗೆ ಮಾತ್ರ ದುಡ್ಡು ಹಾಕಬ್ಯಾಡ್ರಿ. ನಮ್ಮಪ್ಪಾರ ರೋಣಗಲ್ಲು ಹಿತ್ತಲದಾಗ ಬಿದ್ದೈತಿ.’

ಹೋಗಿ ನೋಡಿದೆ. ಒಳ್ಳೆ ಕಲ್ಲು. ಆದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಕಣದಲ್ಲಿ ಮೇಟಿಕಂಬದ ಸುತ್ತ ತಿರುಗಲಿ ಅಂತ ಹಾಗೆ ಕಡೆದಿದ್ದಾರೆ. 78 ಅಡಿ ನೆಟ್ಟಗೆ ಎಳೆಯಿರಿ ಅಂದರೆ ಅದು ಅರ್ಧ ದಾರಿಯಲ್ಲೇ ಪಕ್ಕದ ಅಡಿಕೆ ತೋಟಕ್ಕೆ ತಿರುಗಿಬಿಡುತ್ತದೆ.